ಈ ಮೆಥಡ್ ಎಲ್ಲಿಂದ ಬಂತು?

ಮಣಿಪಾಲಕ್ಕೋ ನಿಟ್ಟೆಗೋ ಬಸ್ ಹಿಡಿಯುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಎರ್ಮಾಳಿನಲ್ಲೂ ಇದ್ದಾರೆ. ಕಾಲೇಜಿನಲ್ಲಿ ತಾವೇ ಬರೆದ ಪುಟ್ಟ ಪ್ರೋಗ್ರಾಂ ಅವರಿಗೆ ಅರ್ಥವಾಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಕೈಗೆ ಬರುವುದು ಬೇರೆಯವರು ಬರೆದ ಸಾವಿರಾರು ಫೈಲುಗಳು. ಅಲ್ಲಿ ಮೊದಲು ಕಾಡುವ ಪ್ರಶ್ನೆ: ಇಲ್ಲಿ ಕರೆದಿರುವ ಈ ಮೆಥಡ್ ಬರೆದಿರುವುದು ಎಲ್ಲಿ?

ಸಿ ಭಾಷೆಯಲ್ಲಿ ಹೆಸರು ಹಿಡಿದು ಕರೆದ ಫಂಕ್ಷನ್ ಯಾವುದೆಂಬುದು ಸಾಮಾನ್ಯವಾಗಿ ಪ್ರೋಗ್ರಾಂ ಓಡುವ ಮೊದಲೇ ತೀರ್ಮಾನವಾಗಿರುತ್ತದೆ. ಪೈಥಾನ್, ರೂಬಿಯಂಥ ಡೈನಮಿಕ್ ಭಾಷೆಗಳಲ್ಲಿ ಹಾಗಲ್ಲ. ಕರೆ ಬಂದ ಕ್ಷಣದಲ್ಲೇ ಹುಡುಕಾಟ ನಡೆಯುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಕ್ಲಾಸ್, ಮೆಥಡ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ‘ಬಸ್’ ಎಂಬ ಕ್ಲಾಸ್ ಇದೆ, ಅದರಲ್ಲಿ ‘ದರ’ ಎಂಬ ಮೆಥಡ್. ‘ರಿಯಾಯಿತಿ’ ಎಂಬ ಇನ್ನೊಂದು ಕ್ಲಾಸಿನಲ್ಲೂ ‘ದರ’ ಇದೆ. ‘ವೇಗದೂತ’ ಎಂಬ ಮೂರನೆಯದು ಈ ಎರಡರಿಂದಲೂ, ಮೊದಲು ರಿಯಾಯಿತಿ ಆಮೇಲೆ ಬಸ್ ಎಂಬ ಕ್ರಮದಲ್ಲಿ, ಗುಣ ಪಡೆದಿದೆ. ವೇಗದೂತದ ದರ ಕೇಳಿದರೆ ಉತ್ತರಿಸುವವರು ಯಾರು?

ತುಳುನಾಡಿನವರಿಗೆ ಇದನ್ನು ಹೇಳುವುದು ಸುಲಭ. ಅಳಿಯಕಟ್ಟಿನ ಮನೆಯಲ್ಲಿ ಹಕ್ಕನ್ನು ತಾಯಿಯ ಕಡೆಯಿಂದ ಹುಡುಕುತ್ತಿದ್ದರು, ಮಕ್ಕಳಕಟ್ಟಿನಲ್ಲಿ ತಂದೆಯ ಕಡೆಯಿಂದ. ವಂಶವೃಕ್ಷ ಕೈಯಲ್ಲಿದ್ದರೆ ಸಾಲದು, ಯಾವ ಕಟ್ಟು ಎಂಬುದೂ ತಿಳಿದಿರಬೇಕು. ಪೈಥಾನಿನ ಕಟ್ಟಿಗೆ ಸಿ3 ಎಂದು ಹೆಸರು. 1996ರಲ್ಲಿ ಡಿಲನ್ ಎಂಬ ಭಾಷೆಗಾಗಿ ರೂಪಿಸಿದ ಈ ಕ್ರಮವನ್ನು 2003ರಲ್ಲಿ ಪೈಥಾನ್ 2.3 ತನ್ನದಾಗಿಸಿಕೊಂಡಿತು. ಅದರ ನಿಯಮ ಹೀಗೆ: ಮಗುವನ್ನು ಕೇಳದೆ ಪೋಷಕರನ್ನು ಕೇಳುವಂತಿಲ್ಲ. ಪೋಷಕರನ್ನು ಬರೆದ ಕ್ರಮ ತಪ್ಪುವಂತಿಲ್ಲ. ಎರಡನ್ನೂ ಪಾಲಿಸಲಾಗದಿದ್ದರೆ ಆ ಕ್ಲಾಸನ್ನು ಕಟ್ಟಲು ಪೈಥಾನ್ ಒಪ್ಪುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಹುಡುಕಾಟ ವೇಗದೂತ, ರಿಯಾಯಿತಿ, ಬಸ್, ಕೊನೆಗೆ ಎಲ್ಲಕ್ಕೂ ಮೂಲವಾದ ಆಬ್ಜೆಕ್ಟ್ ಎಂದು ಸಾಗುತ್ತದೆ. ವೇಗದೂತದಲ್ಲಿ ‘ದರ’ ಇಲ್ಲ, ಹಾಗಾಗಿ ರಿಯಾಯಿತಿಯದ್ದೇ ಓಡುತ್ತದೆ.

ಸ್ವಾರಸ್ಯ ಇರುವುದು ಮುಂದೆ. ರಿಯಾಯಿತಿಯ ಒಳಗೆ, ಕರೆಯನ್ನು ಮುಂದಿನವರಿಗೆ ದಾಟಿಸುವ ‘ಸೂಪರ್’ ಬಳಸಿದರೆ ಸರದಿ ಬಸ್ಸಿನದು. ರಿಯಾಯಿತಿಗೂ ಬಸ್ಸಿಗೂ ನೇರ ಸಂಬಂಧವೇ ಇಲ್ಲ! ರಿಯಾಯಿತಿಯ ಫೈಲನ್ನಷ್ಟೇ ಎಷ್ಟು ಸಲ ಓದಿದರೂ ಇದು ತಿಳಿಯುವುದಿಲ್ಲ. ಯಾವ ವಸ್ತುವಿಗಾಗಿ ಕರೆ ಬಂತು ಎಂಬುದರ ಮೇಲೆ ಮುಂದಿನ ಸರದಿ ನಿಂತಿದೆ.

ಇಷ್ಟೇ ಅಲ್ಲ. ಪ್ರೋಗ್ರಾಂ ಓಡುತ್ತಿರುವಾಗಲೇ ಬೇರೊಂದು ಫೈಲು ಬಸ್ಸಿನ ‘ದರ’ವನ್ನು ಕಿತ್ತು ತನ್ನದನ್ನು ಕೂರಿಸಬಹುದು. ‘ದ’ ಮತ್ತು ‘ರ’ ಅಕ್ಷರಗಳನ್ನು ಆಗಲೇ ಜೋಡಿಸಿ ಆ ಹೆಸರಿನ ಮೆಥಡ್ ಹುಟ್ಟಿಸಬಹುದು. ಆಗ ಫೈಲುಗಳಲ್ಲಿ ‘ದರ’ ಎಂದು ಹುಡುಕಿದರೆ ಆ ಜಾಗ ಸಿಗದು. ರೂಬಿಯಲ್ಲಿ ಇಲ್ಲದ ಮೆಥಡ್‌ನ ಕರೆಯನ್ನೂ ‘ಮೆಥಡ್ ಮಿಸ್ಸಿಂಗ್’ ಎಂಬುದು ಹಿಡಿದು ಉತ್ತರಿಸಬಲ್ಲದು.

ಆದ್ದರಿಂದ ಹೆಸರು ಹುಡುಕುತ್ತಾ ಫೈಲಿನಿಂದ ಫೈಲಿಗೆ ಅಲೆಯುವುದಕ್ಕಿಂತ ಓಡುತ್ತಿರುವ ಪ್ರೋಗ್ರಾಮನ್ನೇ ಕೇಳುವುದು ಸರಿಯಾದ ದಾರಿ. ಈ ಭಾಷೆಗಳು ತಮ್ಮ ಬಗ್ಗೆ ತಾವೇ ಹೇಳಬಲ್ಲವು. ರೂಬಿಯಲ್ಲಿ ಮೆಥಡನ್ನು ಹಿಡಿದು ‘ಓನರ್’ ಕೇಳಿದರೆ ಒಡೆಯ ಕ್ಲಾಸ್ ಯಾವುದೆಂದು, ‘ಸೋರ್ಸ್ ಲೊಕೇಶನ್’ ಕೇಳಿದರೆ ಫೈಲು ಮತ್ತು ಸಾಲಿನ ಸಂಖ್ಯೆ ಎಷ್ಟೆಂದು ತಿಳಿಯುತ್ತದೆ. ಪೈಥಾನಿನಲ್ಲಿ ಕ್ಲಾಸಿನ ‘ಎಂಆರ್‌ಒ’ ಹುಡುಕಾಟದ ಕ್ರಮವನ್ನು ಮುಂದಿಡುತ್ತದೆ. ‘ಇನ್‌ಸ್ಪೆಕ್ಟ್’ ಮಾಡ್ಯೂಲ್ ಫೈಲನ್ನು ತೋರಿಸುತ್ತದೆ. ಒಂದು ಎಚ್ಚರಿಕೆ: ಡೆಕೊರೇಟರ್ ಎಂಬ ಹೊದಿಕೆ ಹೊದಿಸಿದ ಮೆಥಡ್ ಆದರೆ ಸಿಗುವ ವಿಳಾಸ ಹೊದಿಕೆಯದ್ದಾಗಿರಬಹುದು. ಪೈಥಾನಿನ ‘ಲೆನ್’ ಸಿ ಭಾಷೆಯಲ್ಲಿ ಬರೆದದ್ದು, ಅದಕ್ಕೆ ತೋರಿಸಲು ಪೈಥಾನ್ ಫೈಲೇ ಇಲ್ಲ.

ಮನೆಯ ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಇವತ್ತೇ ನೋಡಿ. ‘ಇನ್‌ಸ್ಪೆಕ್ಟ್’, ‘ಜೇಸನ್’ ಎರಡನ್ನೂ ಇಂಪೋರ್ಟ್ ಮಾಡಿ, ಜೇಸನ್‌ನ ‘ಡಂಪ್ಸ್’ ಯಾವ ಫೈಲಿನಲ್ಲಿದೆ ಎಂದು ‘ಗೆಟ್ ಸೋರ್ಸ್ ಫೈಲ್’ ಮೂಲಕ ಕೇಳಿ. ಸಿಕ್ಕ ಫೈಲನ್ನು ತೆರೆದು ಓದಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ.