ಗೋಡೆಯ ಮೇಲೆ ಸುಗ್ಗಿ, ಊರಿನಲ್ಲಿ ಬರ

1933ರ ಏಪ್ರಿಲ್ 27. ಅಮೆರಿಕದ ಅಯೋವಾ ರಾಜ್ಯದ ಲೆ ಮಾರ್ಸ್ ಎಂಬ ಸಣ್ಣ ಊರು. ನ್ಯಾಯಾಲಯಕ್ಕೆ ನುಗ್ಗಿದ ರೈತರ ಗುಂಪು, ಸಾಲಗಾರರ ಜಮೀನು ಜಪ್ತಿಗೆ ಇನ್ನು ಸಹಿ ಹಾಕುವುದಿಲ್ಲವೆಂದು ಮಾತು ಕೊಡಿ ಎಂದು ನ್ಯಾಯಾಧೀಶ ಚಾರ್ಲ್ಸ್ ಬ್ರಾಡ್ಲಿ ಅವರನ್ನು ಒತ್ತಾಯಿಸಿತು. ಅವರು ಒಪ್ಪಲಿಲ್ಲ. ಊರ ಹೊರಗೆ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು. ಜೀವವೇನೋ ಉಳಿಯಿತು, ಆದರೆ ಊರಿಗೆ ಸೈನಿಕರು ಬಂದಿಳಿದರು. ಮುಸುಕಿನ ಜೋಳದ ಬೆಲೆ ಕುಸಿದು, ಕಲ್ಲಿದ್ದಲು ಕೊಳ್ಳುವುದಕ್ಕಿಂತ ತೆನೆಯನ್ನೇ ಒಲೆಗೆ ಹಾಕುವುದು ಅಗ್ಗವೆಂದು ರೈತರು ಜೋಳ ಸುಟ್ಟ ದಿನಗಳವು.

ಅದೇ ದಶಕದಲ್ಲಿ ಅದೇ ಸೀಮೆಯ ಅಂಚೆ ಕಚೇರಿಗಳಲ್ಲಿ ಸರ್ಕಾರ ಬರೆಸಿದ ಭಿತ್ತಿಚಿತ್ರಗಳಲ್ಲಿ ಈ ಸಂಕಟದ ಸುಳಿವೇ ಸಿಗುವುದಿಲ್ಲ. ಅಲ್ಲಿರುವುದು ಒಕ್ಕಣೆ, ಹುಲ್ಲಿನ ಹೊರೆ, ದನಕರು, ವಲಸೆ ಬಂದ ಪೂರ್ವಿಕರ ಬಂಡಿಗಳು, ಉದ್ಯಾನದಲ್ಲಿ ಬ್ಯಾಂಡ್ ಕಛೇರಿ.

ಗುದ್ದಲಿಯೂ ಕುಂಚವೂ

1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದಾಗ ದುಡಿಯುವವರಲ್ಲಿ ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ದಾನ ಕೊಡುವುದಕ್ಕಿಂತ ದುಡಿಸಿ ಕೂಲಿ ಕೊಡುವುದು ಮೇಲೆಂದು ಸರ್ಕಾರ ಕಾಮಗಾರಿಗಳನ್ನು ಆರಂಭಿಸಿತು. ಅವುಗಳಲ್ಲಿ ದೊಡ್ಡದು 1935ರಲ್ಲಿ ಹುಟ್ಟಿದ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್). 1943ರಲ್ಲಿ ಮುಚ್ಚುವ ಹೊತ್ತಿಗೆ ಅದು ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತ್ತು. ರಸ್ತೆ, ಸೇತುವೆ, ಶಾಲೆ, ಈಜುಕೊಳ, ಹಳ್ಳಿಮನೆಗಳಿಗೆ 20 ಲಕ್ಷಕ್ಕೂ ಹೆಚ್ಚು ಶೌಚಾಲಯ, ಎಲ್ಲವೂ ಅದರ ಪಟ್ಟಿಯಲ್ಲಿದ್ದವು. ಗುದ್ದಲಿಗೆ ಒರಗಿ ನಿಲ್ಲುವುದಕ್ಕೇ ಸಂಬಳ ಎಂದು ಜನ ಗೇಲಿ ಮಾಡಿದರು. ಗೇಲಿ ಮಾಡಿದವರ ಮಕ್ಕಳೂ ಆ ರಸ್ತೆಗಳಲ್ಲೇ ನಡೆದು ಶಾಲೆಗೆ ಹೋದರು.

ಕಲಾವಿದರಿಗೂ ಹೊಟ್ಟೆಯಿದೆ ಎಂಬುದು ಸರ್ಕಾರಕ್ಕೆ ಬೇಗನೇ ಹೊಳೆಯಿತು. 1933ರ ಡಿಸೆಂಬರ್‌ನಲ್ಲಿ ಶುರುವಾದ ಮೊದಲ ಯೋಜನೆ ಕೆಲವೇ ತಿಂಗಳು ನಡೆಯಿತು. ಅಯೋವಾದಲ್ಲಿ ಅದರ ಹೊಣೆ ಹೊತ್ತವರು ‘ಅಮೆರಿಕನ್ ಗಾಥಿಕ್’ ಚಿತ್ರದಿಂದ ಹೆಸರಾಗಿದ್ದ ಗ್ರಾಂಟ್ ವುಡ್. ಅಯೋವಾ ಸಿಟಿಯ ವಿಶ್ವವಿದ್ಯಾಲಯದಲ್ಲಿ ಪಾಳುಬಿದ್ದಿದ್ದ ಒಳಾಂಗಣ ಈಜುಕೊಳವೊಂದನ್ನೇ ಅವರು ಕಾರ್ಯಾಗಾರ ಮಾಡಿಕೊಂಡರು. ಏಮ್ಸ್ ಊರಿನ ಅಂದಿನ ಕೃಷಿ ಕಾಲೇಜಿನ ಗ್ರಂಥಾಲಯದಲ್ಲಿ ಇಂದಿಗೂ ಇರುವ ದೊಡ್ಡ ಚಿತ್ರಗಳು ಆ ಬರಿದಾದ ಕೊಳದಲ್ಲೇ ಸಿದ್ಧವಾದವು.

ಪೋಸ್ಟ್‌ಮಾಸ್ಟರ್ ಬಾಗಿಲ ಮೇಲೆ

ಅಂಚೆ ಕಚೇರಿಯ ಚಿತ್ರಗಳ ಕಥೆ ಬೇರೆ. ಅವು ಡಬ್ಲ್ಯುಪಿಎ ಕೆಲಸವೆಂದು ಈಗಲೂ ಅನೇಕರು ತಿಳಿದಿದ್ದಾರೆ. ಆದರೆ ಅವನ್ನು ಬರೆಸಿದ್ದು ಖಜಾನೆ ಇಲಾಖೆ 1934ರಲ್ಲಿ ತೆರೆದ ಚಿತ್ರ ಮತ್ತು ಶಿಲ್ಪ ವಿಭಾಗ. ಹೊಸ ಕಟ್ಟಡದ ವೆಚ್ಚದಲ್ಲಿ ಸುಮಾರು ಶೇ 1ರಷ್ಟು ಕಲೆಗೆ ಮೀಸಲು. ಇಲ್ಲಿ ಬಡತನ ಅರ್ಹತೆಯಲ್ಲ. ಸ್ಪರ್ಧೆಗೆ ಹೆಸರಿಲ್ಲದ ಕರಡು ಚಿತ್ರ ಕಳಿಸಬೇಕು, ತೀರ್ಪುಗಾರರು ಮೆಚ್ಚಬೇಕು. ಹೀಗೆ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಕಲಾಕೃತಿಗಳು ಬಂದವು.

ಜಾಗ ಹೆಚ್ಚಾಗಿ ಒಂದೇ. ಪೋಸ್ಟ್‌ಮಾಸ್ಟರ್ ಕೋಣೆಯ ಬಾಗಿಲಿನ ಮೇಲೆ, ಚಾವಣಿಯ ಕೆಳಗೆ, ಸುಮಾರು 12 ಅಡಿ ಅಗಲ, 5 ಅಡಿ ಎತ್ತರ. ಸಂಭಾವನೆ ಮೂರು ಕಂತಿನಲ್ಲಿ: ಕರಡಿಗೆ ಒಪ್ಪಿಗೆ ಸಿಕ್ಕಾಗ ಒಂದು, ಪೂರ್ತಿ ಅಳತೆಯ ರೇಖಾಚಿತ್ರಕ್ಕೆ ಇನ್ನೊಂದು, ಚಿತ್ರ ಗೋಡೆಗೇರಿದ ಮೇಲೆ ಕೊನೆಯದು. ಬಟ್ಟೆ, ಬಣ್ಣ, ಪ್ರಯಾಣದ ಖರ್ಚು ಅದರಲ್ಲೇ ಕಳೆಯಬೇಕು. ಹೆಚ್ಚಿನವರು ತಮ್ಮ ಮನೆಯಲ್ಲೇ ಕ್ಯಾನ್ವಾಸ್ ಮೇಲೆ ಬರೆದು, ಸುರುಳಿ ಸುತ್ತಿ ತಂದು, ಗೋಡೆಗೆ ಬಿಳಿ ಸೀಸದ ಅಂಟು ಬಳಿದು ಅಂಟಿಸುತ್ತಿದ್ದರು.

ಅಯೋವಾದ ನೆರೆಯ ನೆಬ್ರಾಸ್ಕಾ ರಾಜ್ಯಕ್ಕೆ ಹೀಗೆ ಬಂದದ್ದು 12 ಊರುಗಳ ಚಿತ್ರಗಳು. ಆಬರ್ನ್ ಊರಿನ ಒಕ್ಕಣೆಯ ದೃಶ್ಯವನ್ನು 1938ರಲ್ಲಿ ಬರೆದ ಎಥೆಲ್ ಮಗಫಾನ್‌ಗೆ ಆಗಿನ್ನೂ ಇಪ್ಪತ್ತೆರಡರ ಆಸುಪಾಸು. ಆಲ್ಬಿಯನ್ ಊರಿಗೆ ನೆಬ್ರಾಸ್ಕಾದ ಚಳಿಗಾಲ ಬರೆದುಕೊಟ್ಟಾಕೆ ಅವಳ ಅವಳಿ ಸೋದರಿ ಜೆನ್. ಕಾನ್ಸಾಸ್‌ನ ಸೆನೆಕಾದಲ್ಲಿ ಗೋಧಿ ಕೊಯ್ಲು ಬರೆದವರು ಸೇಂಟ್ ಲೂಯಿಸ್‌ನ ಜೋ ಜೋನ್ಸ್. ಮನೆಗಳಿಗೆ ಬಣ್ಣ ಬಳಿಯುತ್ತ ಚಿತ್ರಕಲೆ ಕಲಿತ ಎಡಪಂಥೀಯ ಅವರು. 1933ರಲ್ಲಿ ಬಿಳಿಯರ ಗುಂಪು ಕೊಂದ ಕಪ್ಪು ಹೆಣ್ಣೊಬ್ಬಳನ್ನು ಬರೆದು ‘ಅಮೆರಿಕದ ನ್ಯಾಯ’ ಎಂದು ಹೆಸರಿಟ್ಟಿದ್ದ ಕೈ, ಅಂಚೆ ಕಚೇರಿಗೆ ಬರೆದದ್ದು ಗೋಧಿ ಮತ್ತು ಅದನ್ನು ಕೊಯ್ಯುವವರನ್ನು.

ಹಂದಿಯ ಬಾಲದ ತಕರಾರು

ಸಂಕಟ ಬಿಟ್ಟು ಸುಗ್ಗಿಯನ್ನೇ ಬರೆದದ್ದರ ಹಿಂದೆ ಕಲಾವಿದರ ಪುಕ್ಕಲುತನವನ್ನಷ್ಟೇ ಹುಡುಕಬಾರದು. ದುಡ್ಡು ಕೊಡುವುದು ವಾಷಿಂಗ್ಟನ್ ಆದರೂ ಸ್ಟಾಂಪು ಕೊಳ್ಳಲು ಬಂದು ದಿನವೂ ತಲೆಯೆತ್ತಿ ನೋಡುವುದು ಊರಿನವರು. ಊರಿಗೆ ಹೋಗಿ ಜನರೊಂದಿಗೆ ಮಾತಾಡಿ ವಿಷಯ ಆರಿಸಿಕೊಳ್ಳಿ ಎಂದು ಇಲಾಖೆಯೇ ಕಲಾವಿದರಿಗೆ ಹೇಳುತ್ತಿತ್ತು. ಧೂಳಿನ ಬಿರುಗಾಳಿ, ಗಂಜಿ ಸಾಲು, ಹರಾಜಾದ ಹೊಲ ಹೊರಗೇ ಬೇಕಾದಷ್ಟಿದ್ದವು. ಒಳಗೂ ಅದನ್ನೇ ನೋಡುವ ಹುರುಪು ಯಾರಿಗಿತ್ತು?

ಜೊತೆಗೆ ಬೇಸಾಯಗಾರರ ಕಣ್ಣು ಬಲು ಚುರುಕು. ಕಾನ್ಸಾಸ್ ಶಾಸನಭವನದಲ್ಲಿ ಆ ರಾಜ್ಯದವರೇ ಆದ ಜಾನ್ ಸ್ಟೂಅರ್ಟ್ ಕರ್ರಿ 1937ರಿಂದ ಬರೆಯತೊಡಗಿದ ಚಿತ್ರಗಳ ಪಾಡು ನೋಡಿ. ಅದಕ್ಕೆ ಹಣ ಕೂಡಿಸಿದ್ದು ಕೇಂದ್ರ ಸರ್ಕಾರವಲ್ಲ, ಪತ್ರಿಕಾ ಸಂಪಾದಕರ ಮುಂದಾಳತ್ವದ ಅಭಿಯಾನ. ಹಂದಿಯ ಬಾಲ ಸುರುಳಿಯಾಗಿರುವುದು ತಪ್ಪು, ಹೋರಿಯ ಕೆಂಪು ಅತಿಯಾಯಿತು, ಹೆಂಗಸಿನ ಲಂಗ ಗಿಡ್ಡವಾಯಿತು ಎಂದು ಆಕ್ಷೇಪಗಳು ಬಂದವು. ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್‌ನ ಉಗ್ರ ರೂಪ ರಾಜ್ಯದ ಮರ್ಯಾದೆಗೆ ಕುಂದೆಂಬ ಮಾತೂ ಎದ್ದಿತು. ಉಳಿದ ಚಿತ್ರಗಳಿಗಾಗಿ ಗೋಡೆಯ ಅಮೃತಶಿಲೆ ತೆಗೆಸಲು ಶಾಸನಸಭೆ ಒಪ್ಪಲಿಲ್ಲ. ಕರ್ರಿ ಚಿತ್ರಗಳಿಗೆ ಸಹಿ ಹಾಕದೆಯೇ ಹೊರಟುಬಿಟ್ಟರು.

ಬಾಲದ ಮೇಲಿನ ಜಗಳವನ್ನು ನೋಡಿ ನಗಬಹುದು. ಆದರೆ ಚಿತ್ರಶಾಲೆಯ ಮೆಟ್ಟಿಲು ಹತ್ತದ ಜನ ಒಂದು ಚಿತ್ರವನ್ನು ಬಾಲದ ತುದಿಯವರೆಗೆ ನೋಡಿದ್ದರು, ಅದರಲ್ಲಿ ತಮ್ಮ ಹೆಸರು ಅಡಗಿದೆ ಎಂದು ನಂಬಿದ್ದರು. ಕಲೆಯನ್ನು ಊರೂರಿಗೆ ಒಯ್ಯಬೇಕೆಂದ ಯೋಜನೆಗಳಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕಿರಲಿಲ್ಲ. ಸೋಲೂ ಇದರಲ್ಲೇ ಇತ್ತು. ತನಗೆ ಒಪ್ಪುವ ಮುಖವನ್ನು ಮಾತ್ರ ತೋರು ಎಂದು ಗೋಡೆಗೆ ಅಪ್ಪಣೆ ಮಾಡುವ ಹಕ್ಕೂ ಊರಿಗೇ ಸೇರಿತು.

ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಈ ಅಪ್ಪಣೆ ಸುಣ್ಣದ ರೂಪದಲ್ಲೇ ಬಂತು. ಅಲ್ಲಿನ ಕೇಂದ್ರ ನ್ಯಾಯಾಲಯದಲ್ಲಿ ಫ್ರಾನ್ಸಿಸ್ ರಾಬರ್ಟ್ ವೈಟ್ ಮತ್ತು ಸಂಗಡಿಗರು 1936ರಲ್ಲಿ ಬರೆದ ಚಿತ್ರಮಾಲೆ ಸುಗ್ಗಿಗೆ ನಿಲ್ಲಲಿಲ್ಲ. ಗುಂಪು ಸೇರಿ ಗಲ್ಲಿಗೇರಿಸುವ ದೃಶ್ಯವೂ ಅದರಲ್ಲಿತ್ತು. ಮುಂದಿನ ದಶಕಗಳಲ್ಲಿ ಅದರ ಮೇಲೆ ಎರಡು ಸಲ ಬಣ್ಣ ಬಳಿದು ಮುಚ್ಚಿದರು. 2008ರ ನೆರೆಯ ನಂತರ ಆ ಕಟ್ಟಡವೇ ನಗರಸಭೆಯ ಕಚೇರಿಯಾಯಿತು. ಹಳೆಯ ಬಣ್ಣ ಕೆರೆಸಿ ಚಿತ್ರಗಳನ್ನು ಬಿಡಿಸಲು ಹೊರಟದ್ದು ಈ ಸಲ ಊರೇ. ನಗರಸಭೆ ಈಗ ಸಭೆ ಸೇರುವುದು ಅವುಗಳ ಎದುರಿನಲ್ಲಿ.