ಅಭಿಮಾನಪಟ್ಟಿದ್ದು ಬೇರೆ, ಓದಿದ್ದು ಬೇರೆ

ಗದಗ ಸೀಮೆಯವರಿಗೆ ತಮ್ಮ ಕವಿಗಳ ಮೇಲೆ ಅಭಿಮಾನ ಬೆಟ್ಟದಷ್ಟು. ಪುಸ್ತಕ ಬಿಚ್ಚಿ ನೋಡುವವರು ಮಾತ್ರ ಕಡಿಮೆ. ಈಚೆಗೆ ಈ ನೆಲಕ್ಕೆ ಸಂಬಂಧಪಟ್ಟ ಕೆಲವು ಪುಸ್ತಕಗಳನ್ನು ಒಂದರ ಹಿಂದೊಂದು ಓದಿದೆ. ಕೇಳಿದ್ದಕ್ಕೂ ಓದಿದ್ದಕ್ಕೂ ತಾಳೆಯಾಗದ ಕಡೆಗಳು ಇವು.

ಕಲ್ಪನೆ: ಕುಮಾರವ್ಯಾಸ ಗಮಕಿಗಳಿಗೆ ಮಾತ್ರ ದಕ್ಕುವ ಕವಿ. ನಮ್ಮಂಥವರು ಕೈಮುಗಿದು ಕೇಳಬೇಕಷ್ಟೆ.

ವಾಸ್ತವ: ಕೈಮುಗಿಯುವುದು ಆಮೇಲೆ, ಮೊದಲು ನಕ್ಕುಬಿಡಿ. ವಿರಾಟಪರ್ವದಿಂದ ಶುರು ಮಾಡಿದರೆ ಸಾಕು. ಅಂತಃಪುರದ ಹೆಂಗಸರ ಮುಂದೆ ಪೌರುಷ ಕೊಚ್ಚಿದ ಉತ್ತರಕುಮಾರ, ಕೌರವ ಸೈನ್ಯ ಕಂಡದ್ದೇ ರಥದಿಂದ ಧುಮುಕಿ ಓಡುತ್ತಾನೆ. ಸಾರಥಿ ಬೃಹನ್ನಳೆ ಬೆನ್ನಟ್ಟಿ ಹಿಡಿಯಬೇಕಾಗುತ್ತದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಬಾಯಿಬಿಟ್ಟು ಓದಿದರೆ ತಾನೇ ಸಿಗುತ್ತದೆ, ರಾಗ ಬೇಕಿಲ್ಲ. ಯುದ್ಧಪರ್ವಗಳಲ್ಲಿ ಬಾಣಗಳ ಮಳೆ ಬೇಸರ ತರಿಸಿದ್ದು ನಿಜ. ಅಲ್ಲಲ್ಲಿ ಹಾರಿಸಿ ಓದಿದೆ, ಕವಿಯ ಇಷ್ಟದೈವ ವೀರನಾರಾಯಣ ಸಿಟ್ಟಾಗಲಿಕ್ಕಿಲ್ಲ.

ಹಾರಿಸಬಾರದ್ದು ಉದ್ಯೋಗಪರ್ವದ ಕರ್ಣಭೇದನ. ಕೃಷ್ಣ ಕರ್ಣನನ್ನು ಮೈದುನನ ಸಲಿಗೆಯಿಂದ ಎಳೆದು ರಥದ ಪೀಠದಲ್ಲಿ ಪಕ್ಕಕ್ಕೇ ಕೂರಿಸಿಕೊಳ್ಳುತ್ತಾನೆ. ನಂತರ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅಷ್ಟು ಹತ್ತಿರ ಕೂರಿಸಿಕೊಂಡದ್ದೇ ಒಂದು ಏಟು ಎಂಬುದು ಓದುತ್ತಾ ಹೋದಂತೆ ತಿಳಿಯುತ್ತದೆ. ಕೃಷ್ಣಭಕ್ತಿಯ ಕಾವ್ಯದಲ್ಲಿ ಕೃಷ್ಣನನ್ನು ಇಷ್ಟು ನಿಷ್ಠುರನಾಗಿ ತೋರಿಸುವ ಎದೆಗಾರಿಕೆ ನನಗೆ ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಮಾತು. ‘ಗದುಗಿನ ಭಾರತ’ ಎಂದರೆ ಪೂರ್ತಿ ಮಹಾಭಾರತ ಎಂದುಕೊಂಡವರು ಬಹಳ. ನಾರಣಪ್ಪ, ಎಂದರೆ ಕುಮಾರವ್ಯಾಸ, ಬರೆದದ್ದು 10 ಪರ್ವ, ಗದಾಪರ್ವಕ್ಕೆ ಕಾವ್ಯ ನಿಲ್ಲುತ್ತದೆ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ.

ಕಲ್ಪನೆ: ಪಂಚತಂತ್ರ ಮಕ್ಕಳ ಪುಸ್ತಕ.

ವಾಸ್ತವ: ದುರ್ಗಸಿಂಹನದನ್ನು ಮಕ್ಕಳ ಕೈಗೆ ಕೊಡುವ ಮೊದಲು ಯೋಚಿಸಿ. ಈತ ಸಯ್ಯಡಿಯವ, ಎಂದರೆ ಇಂದಿನ ರೋಣ ತಾಲ್ಲೂಕಿನ ಸವಡಿ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿ, ಎಂದರೆ ಯುದ್ಧ-ಸಂಧಿಗಳ ಮಂತ್ರಿ, ಆಗಿದ್ದ, ಪುಸ್ತಕದ ಕಾಲ ಸುಮಾರು 1031. ಆಸ್ಥಾನದೊಳಗಿನ ಕಿವಿಕಚ್ಚುವಿಕೆ ಕಂಡವನೇ ಬರೆದದ್ದು. ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ದಮನಕನೆಂಬ ನರಿ ಹಂತಹಂತವಾಗಿ ಕೆಡಿಸುವ ಬಗೆ ನೋಡಿದರೆ, ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಒಂದೆರಡು ಮುಖ ನೆನಪಾಗುತ್ತವೆ. ದುರ್ಗಸಿಂಹ ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಸಂಸ್ಕೃತ ಸಮಾಸಗಳ ಭಾರ ಮಾತ್ರ ಹೆಚ್ಚು. ಗದ್ಯಾನುವಾದ ಪಕ್ಕದಲ್ಲಿಟ್ಟುಕೊಳ್ಳದೆ ಮುಂದೆ ಹೋಗಲು ನನಗಾಗಲಿಲ್ಲ.

ಕಲ್ಪನೆ: ಹರಿಹರನ ರಗಳೆ ಬರೀ ಭಕ್ತಿ.

ವಾಸ್ತವ: ಲಕ್ಷ್ಮೇಶ್ವರದವರು ‘ಆದಯ್ಯನ ರಗಳೆ’ ಓದಲೇಬೇಕು, ಅದು ನಡೆಯುವುದೇ ಅಲ್ಲಿ, ಅಂದಿನ ಪುಲಿಗೆರೆಯಲ್ಲಿ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಶಿವಭಕ್ತ ಯುವಕ, ಜೈನರ ಹುಡುಗಿ ಪದ್ಮಾವತಿ, ಇಬ್ಬರ ಮದುವೆ. ಮೊದಲರ್ಧ ಅಪ್ಪಟ ಪ್ರೇಮಕತೆ, ಹರಿಹರನ ಮಾತು ತಡೆಯಿಲ್ಲದೆ ಹರಿಯುತ್ತದೆ. ಬೀಗರ ಮನೆಯ ಜಗಳ ಮತದ ಜಗಳವಾಗಿ, ಆದಯ್ಯ ಸೌರಾಷ್ಟ್ರದ ಸೋಮೇಶ್ವರನನ್ನು ತಂದು ಸುರಹೊನ್ನೆ ಬಸದಿಯಲ್ಲಿ ನಿಲ್ಲಿಸುವ ಹೊತ್ತಿಗೆ ನನಗೆ ಮುಜುಗರವಾಯಿತು. ಕವಿ ಗೆದ್ದವರ ಕಡೆಗೇ ನಿಂತುಬಿಟ್ಟಿದ್ದಾನೆ. ಸೋತವರ ಮನೆಮಗಳಾದ ಪದ್ಮಾವತಿ ಒಳಗೊಳಗೇ ಏನು ಅನುಭವಿಸಿದಳೋ ಎಂದು ಇನ್ನಷ್ಟು ಕೇಳಬೇಕೆನಿಸಿತು. ಊರಿನಲ್ಲಿ ಇವತ್ತು ಸೋಮೇಶ್ವರನ ಗುಡಿಯೂ ಇದೆ, ಶಂಖಬಸದಿಯೂ ಇದೆ. ಎರಡನ್ನೂ ನೋಡಿ ಬಂದು ಓದಿದರೆ ರಗಳೆ ಇನ್ನೊಂದು ಥರ ಕೇಳಿಸುತ್ತದೆ.

ಕಲ್ಪನೆ: ಬೆಟಗೇರಿ ಕೃಷ್ಣಶರ್ಮರು ಗದಗ-ಬೆಟಗೇರಿಯವರು.

ವಾಸ್ತವ: ಅಲ್ಲ. ‘ಆನಂದಕಂದ’ ಕಾವ್ಯನಾಮದ ಈ ಶರ್ಮರ ಬೆಟಗೇರಿ ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನದು. ‘ನಲ್ವಾಡುಗಳು’ ಸಂಕಲನದ ಹಾಡುಮಾತು ಮುಂಡರಗಿ, ಶಿರಹಟ್ಟಿ ಕಡೆಯ ಹೆಣ್ಣುಮಕ್ಕಳ ಮಾತಿಗೆ ಎಷ್ಟು ಹತ್ತಿರವೆಂದರೆ ಊರು ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

ಕಲ್ಪನೆ: ಚೆನ್ನವೀರ ಕಣವಿ ಧಾರವಾಡದ ಕವಿ, ಮಳೆ-ಮುಗಿಲು-ಹಸಿರಿನ ಮೃದು ಕವಿ.

ವಾಸ್ತವ: ಹುಟ್ಟಿದ್ದು 1928ರಲ್ಲಿ, ಗದಗ ತಾಲ್ಲೂಕಿನ ಹೊಂಬಳದಲ್ಲಿ. ಮೃದುತನದ ಮಾತು ಅರ್ಧ ಸತ್ಯ. ಅವರ ಸುನೀತಗಳಲ್ಲಿ ಹದಿನಾಲ್ಕು ಸಾಲಿನೊಳಗೆ ವಾದ ಕಟ್ಟುವ ಬಿಗಿ ಇದೆ. 1981ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಜೀವಧ್ವನಿ’ಗಿಂತ ನನಗೆ ಹಿಡಿಸಿದ್ದು ಆ ಸುನೀತಗಳೇ.

ಕಲ್ಪನೆ: ಸಾಹಿತ್ಯ ಚರಿತ್ರೆ ಎಂ.ಎ. ಪರೀಕ್ಷೆಗೆ ಓದುವಂಥದ್ದು.

ವಾಸ್ತವ: ಹೊಳೆಆಲೂರಿನ ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಜೈನ, ವೀರಶೈವ, ಬ್ರಾಹ್ಮಣ ಎಂದು ಮತದ ಹೆಸರಿನಲ್ಲಿ ಕಾಲ ವಿಂಗಡಿಸುತ್ತಿದ್ದಾಗ ಅವರು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಕವಿಗಳ ಹೆಸರಿಟ್ಟರು. ಶೈಲಿ ಮೇಷ್ಟ್ರದೇ, ಒಪ್ಪುತ್ತೇನೆ. ಬಿಡಿ ಕವಿಯ ಮೇಲಿನ ಟಿಪ್ಪಣಿಗಳನ್ನು ಮಾತ್ರ, ಬೇಕಾದಾಗ ಬೇಕಾದ ಪುಟ ತೆರೆದು, ಈಗಲೂ ಖುಷಿಯಿಂದ ಓದಬಹುದು.