ಸ್ಕಿಜೋಫ್ರೇನಿಯಾ: ಮಾತ್ರೆಯ ಜೊತೆಗೆ ಮನಸ್ಸಿಗೂ ತರಬೇತಿ

ಸ್ಕಿಜೋಫ್ರೇನಿಯಾ ಅಂದ ಕೂಡಲೇ ನೆನಪಾಗೋದು ಕಿವಿಯಲ್ಲಿ ಕೇಳುವ ದನಿಗಳು, ಬಿಡದೆ ಕಾಡುವ ಅನುಮಾನ. ಮಾತ್ರೆಯಿಂದ ಇವು ಅನೇಕರಲ್ಲಿ ತಗ್ಗುತ್ತವೆ. ಆದರೆ ಗಮನ ನಿಲ್ಲದಿರುವುದು, ಹೇಳಿದ್ದು ಮರೆತುಹೋಗುವುದು, ಒಂದು ಕೆಲಸವನ್ನು ಯೋಜಿಸಿ ಮುಗಿಸಲಾಗದಿರುವುದು ಆಮೇಲೂ ಉಳಿಯುತ್ತವೆ. ಮನೆಯವರು ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಇದೂ ಕಾಯಿಲೆಯದೇ ಭಾಗ.

ಇದಕ್ಕಾಗಿ ಕಾಗ್ನಿಟಿವ್ ರೆಮಿಡಿಯೇಶನ್ ಎಂಬ ತರಬೇತಿ ಇದೆ. ಗಮನ, ನೆನಪು, ಯೋಚನೆಯ ಅಭ್ಯಾಸಗಳನ್ನು ಸುಲಭದಿಂದ ಕಷ್ಟಕ್ಕೆ ಏರಿಸುತ್ತಾ ಮತ್ತೆ ಮತ್ತೆ ಮಾಡಿಸುತ್ತಾರೆ. 2021ರಲ್ಲಿ 130 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಗಮನ, ನೆನಪಿನಂತಹ ಸಾಮರ್ಥ್ಯಗಳಲ್ಲೂ ದಿನನಿತ್ಯದ ಬದುಕಿನಲ್ಲೂ ಸುಧಾರಣೆ ಕಂಡಿತು. ಪವಾಡವಲ್ಲ, ಸಣ್ಣ ಪ್ರಮಾಣದ್ದು. ಆದರೆ ಒಬ್ಬರೇ ಅಂಗಡಿಗೆ ಹೋಗಿ ಬರಲಾಗದವರಿಗೆ ಸಣ್ಣ ಸುಧಾರಣೆಯೂ ದೊಡ್ಡದೇ.

ಬರೀ ಮೊಬೈಲ್ ಆಟ ಸಾಲದು. ತರಬೇತಿ ಪಡೆದ ಚಿಕಿತ್ಸಕರು ಜೊತೆಗಿರಬೇಕು. ಕಲಿತ ಉಪಾಯವನ್ನು ಬಸ್ ಹಿಡಿಯುವಾಗ, ಸಾಮಾನಿನ ಪಟ್ಟಿ ಮಾಡುವಾಗ, ಕೆಲಸದ ಜಾಗದಲ್ಲಿ ಬಳಸುವುದನ್ನು ಹೇಳಿಕೊಡಬೇಕು. ಆಗಲೇ ಲಾಭ ಹೆಚ್ಚು.

ಆಸ್ಪತ್ರೆಗೆ ದಿನವೂ ಬರಲಾಗದವರು? ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಮನೆಯಲ್ಲೇ ಮಾಡುವ ತರಬೇತಿಯನ್ನು, ಕಾಯಿಲೆ ಮೊದಲ ಬಾರಿ ಕಾಣಿಸಿಕೊಂಡವರಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಯೋಗದ ಬಗ್ಗೆಯೂ ಅಲ್ಲಿ ಅಧ್ಯಯನ ನಡೆದಿದೆ: ಯೋಗ ಮಾಡಿದವರು ಎದುರಿನವರ ಮುಖಭಾವವನ್ನು ಮೊದಲಿಗಿಂತ ಚೆನ್ನಾಗಿ ಗುರುತಿಸಿದರು. ಬಿರುಸಿನ ನಡಿಗೆ, ಸೈಕಲ್‌ನಂತಹ ವ್ಯಾಯಾಮವೂ ನೆರವಾಗುತ್ತದೆ.

ಯಾವುದನ್ನೇ ಶುರುಮಾಡಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.